ಹುಡ್ಡಿನೊಳಗೆ ಕುಣಿಯುತ್ತಿದ್ದ ಗಾಳಿ

ಅಂತೂ ಫೋಟೋದಲ್ಲಿ ಕಣ್ಣು ಸಿಕ್ಕಿತು! ಕಂದುತಲೆ ಗಲ್ ಎಂಬ ಕಡಲಹಕ್ಕಿಯ ಆ ತಿಳಿ ಬಣ್ಣದ ಕಣ್ಣು, ಸುತ್ತಲಿನ ತೆಳು ಕೆಂಪು ಉಂಗುರ, ಎಲ್ಲವೂ ಸ್ಪಷ್ಟ. ಚಳಿಗಾಲದಲ್ಲಿ ನಮ್ಮ ಕರಾವಳಿಗೆ ಬರುವಾಗ ಇದರ ತಲೆ ಕಂದಾಗಿಯೇ ಇರುವುದಿಲ್ಲ, ಕಿವಿ ಹತ್ತಿರ ಒಂದು ಕಪ್ಪು ಮಚ್ಚೆ ಅಷ್ಟೇ. ಕಪ್ಪುತಲೆ ಗಲ್‌ಗೂ ಆಗ ಅದೇ ಅವತಾರ. ಕೂತ ಹಕ್ಕಿಯಲ್ಲಿ ವ್ಯತ್ಯಾಸ ಹೇಳುವುದು ಕಣ್ಣು. ಚಿತ್ರದಲ್ಲಿ ಅದೇ ಕಲಸಿಹೋದರೆ ಹತ್ತಿರ ಹೋಗಿ ಏನು ಬಂತು?

ಹತ್ತಿರ ಹೋಗುವುದೇನೂ ಕಷ್ಟವಲ್ಲ. ಮಲ್ಪೆ ಬಂದರಿನಲ್ಲಿ ಬೋಟಿನಿಂದ ಮೀನು ಇಳಿಸುವಾಗ ಐದಾರು ಮೀಟರ್ ದೂರಕ್ಕೆ ಅವೇ ಬರುತ್ತವೆ, ಗರುಡಗಳ ಜೊತೆ ಜಗಳವಾಡಿಕೊಂಡು. 600 ಎಂಎಂ ಲೆನ್ಸ್, ಎಫ್ 8 ಅಪರ್ಚರ್, ಸೆಕೆಂಡಿನ 1/2500 ಭಾಗದ ಶಟರ್ ವೇಗ. ಇಷ್ಟಾದರೂ ಒಂದೇ ಒತ್ತಿಗೆ ಸಾಲಾಗಿ ತೆಗೆದ ಚಿತ್ರಗಳಲ್ಲಿ ಒಂದು ಫ್ರೇಮ್ ಶಾರ್ಪ್, ಮುಂದಿನ ಎರಡು ನೀರಿನೊಳಗಿಂದ ನೋಡಿದ ಹಾಗೆ. ಸರ್ವಿಸ್ ಅಂಗಡಿಯವರು ಲೆನ್ಸ್ ಇಟ್ಟುಕೊಂಡು, ದುಡ್ಡೂ ಇಟ್ಟುಕೊಂಡು, 'ದೋಷವಿಲ್ಲ' ಎಂದು ಚೀಟಿ ಅಂಟಿಸಿ ವಾಪಸ್ ಕೊಟ್ಟರು.

ಬಿಸಿಗಾಳಿ ಕುಣಿದು ಚಿತ್ರ ಕದಡುವ ಬಿಸಿಲಿನ ಝಳ ಅನ್ನೋಣವೆಂದರೆ ಅದು ಹೊತ್ತೇರಿದಂತೆ ಜಾಸ್ತಿಯಾಗಬೇಕು ಅಲ್ವಾ? ಇಲ್ಲಿ ಉಲ್ಟಾ. ಬೆಳಿಗ್ಗೆ ಮೊದಲ ಅರ್ಧ ಗಂಟೆಯ ಚಿತ್ರಗಳೇ ಕೆಟ್ಟವು, ಬಿಸಿಲೇರಿದ ಮೇಲೆ ತಾನಾಗಿಯೇ ಸರಿಹೋಗುತ್ತಿದ್ದವು. ಸುಳಿವು ಸಿಕ್ಕಿದ್ದು ಅಲ್ಲೇ. ಲೆನ್ಸ್ ಬರುತ್ತಿದ್ದದ್ದು ಎ.ಸಿ. ಕಾರಿನಲ್ಲಿ. ಗಾಜಿನ ಮೇಲಿನ ಮಂಜು ಒರೆಸಿದರೆ ಹೋಗುತ್ತದೆ, ಆದರೆ ಆ ದಪ್ಪ ಲೆನ್ಸ್ ತುಂಬಾ ಹೊತ್ತು ತಣ್ಣಗೇ ಇರುತ್ತದೆ. ಲೆನ್ಸ್ ಮುಂದೆ ನೆರಳಿಗೆ ಹಾಕುವ ಕೊಳವೆಯಂಥ ಉದ್ದನೆಯ ಹುಡ್ಡಿನೊಳಗೆ ತಣ್ಣನೆ ಗಾಳಿಯೂ ಹೊರಗಿನ ಬೆಚ್ಚನೆ ಗಾಳಿಯೂ ಬೆರೆತು ಕುಣಿಯುತ್ತವೆ. ಅಂದರೆ ಝಳ ನೆಲದ ಮೇಲಿರಲಿಲ್ಲ, ಗಾಜಿನ ಮುಂದೆಯೇ ಇತ್ತು!

ಟ್ರೈಪಾಡ್ ಹಾಕಿ, ಬೋಟಿನ ನೋಂದಣಿ ಸಂಖ್ಯೆಗೆ ಫೋಕಸ್ ಮಾಡಿದೆ. ಹುಡ್ ಇದ್ದಾಗ ಅಕ್ಷರ ಅಲುಗಾಡಿತು, ತೆಗೆದ ಕೂಡಲೇ ನಿಂತಿತು. ಈಗ ಕಾರಿನಲ್ಲಿ ಎ.ಸಿ. ಬಂದ್, ಕಿಟಕಿ ಓಪನ್, ಲೆನ್ಸ್ ಬ್ಯಾಗಿನಿಂದ ಹೊರಗೆ. ಬಂದರಿನಲ್ಲೂ ಸ್ವಲ್ಪ ಹೊತ್ತು ಹುಡ್ ಇಲ್ಲದೆ. ಒಂದೇ ತೊಂದರೆ, ಮೇಲಿನಿಂದ ಗಲ್‌ಗಳ ಪ್ರಸಾದ ನೇರ ಗಾಜಿನ ಮೇಲೇ ಬೀಳುತ್ತದೆ.

ಗಾಳಿಯಾಡಲು ಪಕ್ಕದಲ್ಲಿ ಕಿಂಡಿ ಕೊರೆಯೋಣವೆಂದು ಅಗ್ಗದ ಹುಡ್ ಒಂದನ್ನು ಆನ್‌ಲೈನ್‌ನಲ್ಲಿ ತರಿಸಿದೆ. ಬಂದದ್ದು ಹಳೆಯ ಮಾಡೆಲ್‌ನದ್ದು. ಮಾರಿದವನ ಸಲಹೆ: 'ಸರ್, ಗಟ್ಟಿಯಾಗಿ ತಿರುಗಿಸಿ, ಕೂರುತ್ತೆ.' ಕೂರಲಿಲ್ಲ. ಸದ್ಯ ಅದು ಪೆನ್ ಸ್ಟ್ಯಾಂಡ್.

ಇದರ ನಡುವೆ ಕೋಡಿ ಬೆಂಗ್ರೆಯ ಹುಚ್ಚು ಬೇರೆ ಹತ್ತಿದೆ. ಸೀತಾ, ಸುವರ್ಣಾ ನದಿಗಳು ಸಮುದ್ರ ಸೇರುವ ಆ ಒದ್ದೆ ಮರಳಿನಲ್ಲಿ ಹೊಟ್ಟೆ ಮೇಲೆ ಮಲಗಿ, ಗೊರವ ಹಕ್ಕಿಗಳನ್ನು ಅವುಗಳ ಕಣ್ಣಿನ ಮಟ್ಟದಲ್ಲೇ ಹಿಡಿಯಬೇಕು. ಲೆನ್ಸ್‌ಗೆ ಆಸರೆಯಾಗಿಡುವ ಬೀನ್ ಬ್ಯಾಗ್ ಒದ್ದೆಯಾಗುತ್ತದೆ, ಟ್ರೈಪಾಡ್ ಕಾಲು ಹೂತುಹೋಗುತ್ತದೆ. ಅದಕ್ಕೇ ದೋಸೆ ಕಾವಲಿಯ ನಡುವೆ ತೂತು ಕೊರೆದು, 3/8 ಇಂಚಿನ ಬೋಲ್ಟ್ ಹಾಕಿ, ಮೇಲೆ ಕ್ಯಾಮೆರಾವನ್ನು ಎತ್ತ ಬೇಕಾದರೂ ತಿರುಗಿಸುವ ಬಾಲ್ ಹೆಡ್ ಕೂರಿಸುವ ಯೋಜನೆ. ತಳ ನುಣುಪಾದ್ದರಿಂದ ಮರಳಿನ ಮೇಲೆ ತಳ್ಳಿಕೊಂಡು ಹೋಗಬಹುದು. ಬೋಲ್ಟ್ ತಂದಾಗಿದೆ. ಕಾವಲಿಯ ವಿಷಯ ಮನೆಯಲ್ಲಿ ಇನ್ನೂ ಎತ್ತಿಲ್ಲ.