42 ಫ್ರೇಮ್‌ಗಳಲ್ಲಿ ಒಬ್ಬಳೇ ಗಂಗವ್ವ

ಗೆಳೆಯನೊಬ್ಬ ತೆಗೆಯಲಿರುವ ಕಿರುಚಿತ್ರಕ್ಕೆ ಸ್ಟೋರಿಬೋರ್ಡ್, ಅಂದರೆ ಚಿತ್ರೀಕರಣಕ್ಕೆ ಮೊದಲೇ ದೃಶ್ಯಗಳನ್ನು ಒಂದೊಂದಾಗಿ ಚಿತ್ರವಾಗಿಸಿದ ಹಾಳೆಗಳನ್ನು, ಸಿದ್ಧಪಡಿಸಿಕೊಡುವ ಕೆಲಸವನ್ನು ಮೂರು ತಿಂಗಳ ಹಿಂದೆ ಒಪ್ಪಿಕೊಂಡೆ. ಬಾಗಲಕೋಟೆಯ ಕಡೆಯ, ಅರವತ್ತು ದಾಟಿದ ಗಂಗವ್ವ ತನ್ನ ಮೊಮ್ಮಗಳನ್ನು ಕರೆದುಕೊಂಡು ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಬರುತ್ತಾಳೆ. ಕಥೆ ಇಷ್ಟೇ, ಒಟ್ಟು 42 ಫ್ರೇಮ್‌ಗಳು. ನನಗೆ ಚಿತ್ರ ಬಿಡಿಸಲು ಬಾರದ ಕಾರಣ ಎಐ ಸಾಧನಗಳನ್ನು ನೆಚ್ಚಿಕೊಂಡೆ. ಮೊದಲ ಹನ್ನೆರಡು ಫ್ರೇಮ್‌ಗಳನ್ನು ಗೋಡೆಗೆ ಅಂಟಿಸಿದ ದಿನ ಛಾಯಾಗ್ರಾಹಕರು ಬಹಳ ಹೊತ್ತು ನೋಡಿ, "ಇವರಲ್ಲಿ ಗಂಗವ್ವ ಯಾರು?" ಎಂದು ಕೇಳಿದರು. ಬಲಗಡೆಯ ಮೂಗುಬೊಟ್ಟು ಮುಂದಿನ ಫ್ರೇಮ್‌ನಲ್ಲಿ ಎಡಕ್ಕೆ ಹೋಗಿತ್ತು, ಕ್ಲೋಸ್‌ಅಪ್‌ನಲ್ಲಿ ಅವಳಿಗೆ ನಲವತ್ತರ ಪ್ರಾಯ ಬಂದಿತ್ತು, ಕೈಯಲ್ಲಿದ್ದ ಬುತ್ತಿ ಗಂಟು ಎರಡು ಕಡೆ ಚರ್ಮದ ಚೀಲವಾಗಿತ್ತು. ಕ್ಯಾಮೆರಾ ಎಲ್ಲಿ ನಿಲ್ಲಬೇಕು, ಯಾರು ಯಾವ ಬದಿಯಿಂದ ಬರಬೇಕು ಎಂಬುದನ್ನು ಒಂದು ನೋಟದಲ್ಲಿ ತಿಳಿಸುವುದಕ್ಕಾಗಿ ಸ್ಟೋರಿಬೋರ್ಡ್ ಇರುತ್ತದೆ. ಇವಳು ಅವಳೇ ಹೌದೇ ಎಂದು ನೋಡುವವರು ತಡವರಿಸಿದರೆ ಆ ಹಾಳೆಯಿಂದ ಉಪಯೋಗವಿಲ್ಲ.

ಈ ಗೊಂದಲದ ಮೂಲ ಯಂತ್ರದ ಕೆಲಸದ ರೀತಿಯಲ್ಲಿಯೇ ಇದೆ. ಡಿಫ್ಯೂಷನ್ ಮಾದರಿಗಳೆಂಬ, ಚಿತ್ರ ರಚಿಸುವ ಎಐ ಸಾಧನಗಳು ಗೊತ್ತುಗುರಿಯಿಲ್ಲದ ಚುಕ್ಕೆಗಳ ರಾಶಿಯಿಂದ ಆರಂಭಿಸಿ, ನಾವು ಬರೆದ ಸೂಚನೆಗೆ, ಅಂದರೆ ಪ್ರಾಂಪ್ಟ್‌ಗೆ, ಹೊಂದುವಂತೆ ಅದನ್ನು ಹಂತಹಂತವಾಗಿ ತಿಳಿಗೊಳಿಸುತ್ತ ಹೋಗುತ್ತವೆ. ಒಂದು ಚಿತ್ರ ಮುಗಿದ ಮೇಲೆ ಮುಂದಿನ ಚಿತ್ರಕ್ಕೆ ಅದರ ನೆನಪೇ ಉಳಿದಿರುವುದಿಲ್ಲ. ಆರಂಭದ ಚುಕ್ಕೆಗಳ ರಾಶಿ ಹೇಗಿರಬೇಕೆಂದು ನಿರ್ಧರಿಸುವ ಸೀಡ್ ಸಂಖ್ಯೆಯನ್ನು ಬದಲಿಸದಿದ್ದರೆ ಪಾತ್ರವೂ ಬದಲಾಗದು ಎಂದು ನಾನು ಮೊದಲು ನಂಬಿದ್ದೆ. ಆದರೆ ಪ್ರಾಂಪ್ಟ್‌ನಲ್ಲಿ ನಾಲ್ಕು ಪದಗಳನ್ನು ಬದಲಿಸಿದೊಡನೆ ಸೀಡ್ ಉಳಿಸಿಕೊಡುವುದು ಹೆಚ್ಚಾಗಿ ಚಿತ್ರದ ವಿನ್ಯಾಸವನ್ನು, ಮುಖ ಬೇರೆಯಾಗುತ್ತದೆ. ನಾವು ಹೇಳದೆ ಬಿಟ್ಟ ಜಾಗವನ್ನೆಲ್ಲ ಯಂತ್ರವು ತಾನು ಕಲಿತ ಚಿತ್ರಗಳ ರೂಢಿಯಿಂದ ತುಂಬುತ್ತದೆ. 2023ರಲ್ಲಿ ರೆಸ್ಟ್ ಆಫ್ ವರ್ಲ್ಡ್ ಪತ್ರಿಕೆಯು ಮಿಡ್‌ಜರ್ನಿ ಎಂಬ ಚಿತ್ರ ರಚಿಸುವ ಎಐ ಸಾಧನದಲ್ಲಿ 'ಭಾರತೀಯ ವ್ಯಕ್ತಿ' ಎಂದಷ್ಟೇ ಕೇಳಿ ಪಡೆದ ಚಿತ್ರಗಳಲ್ಲಿ ಬಹುತೇಕ ಎಲ್ಲರೂ ಗಡ್ಡದ ಮುದುಕರೇ ಆಗಿದ್ದರು. 'ಹಳ್ಳಿಯ ಅಜ್ಜಿ' ಎಂದು ಬರೆದ ನನಗೆ ಮೈತುಂಬ ಬೆಳ್ಳಿ ಒಡವೆ ತೊಟ್ಟ, ನಮ್ಮ ಸೀಮೆಯವಳಲ್ಲದ ಹೆಂಗಸು ಸಿಕ್ಕಿದ್ದರಲ್ಲಿ ಆಶ್ಚರ್ಯವೇನೂ ಇರಲಿಲ್ಲ.

ಹಾಗೆಂದು ಎಲ್ಲವನ್ನೂ ಉದ್ದಕ್ಕೆ ಬರೆದರೂ ಆಗದು. ಸ್ಟೇಬಲ್ ಡಿಫ್ಯೂಷನ್ ಎಂಬ ಇಂಥದೇ ಮಾದರಿಯ ಮೊದಲ ಆವೃತ್ತಿಗಳಲ್ಲಿ ಪಠ್ಯವನ್ನು ಓದುವ ಕ್ಲಿಪ್ ಎಂಬ ಭಾಗವು ಒಮ್ಮೆಗೆ 77 ಟೋಕನ್‌ಗಳನ್ನು, ಅಂದರೆ ಪದ ಅಥವಾ ಪದದ ತುಣುಕುಗಳನ್ನು, ಮಾತ್ರ ಸ್ವೀಕರಿಸುತ್ತಿತ್ತು. ಸೀರೆಯ ವರ್ಣನೆಗೇ ಅರ್ಧ ಖರ್ಚಾದರೆ ಕ್ಯಾಮೆರಾ ಕೋನಕ್ಕೆ ಜಾಗ ಉಳಿಯುವುದಿಲ್ಲ. ನಾನು ಬಳಸಿದ ಮಾದರಿಗೆ ಇಳಕಲ್ ಎಂಬ ಹೆಸರಿನಿಂದ ಏನೂ ಹೊಳೆಯಲಿಲ್ಲವಾದ್ದರಿಂದ 'ಕಡುಹಸಿರು ಮೈ, ಕೆಂಪು ಸೆರಗು, ಸೆರಗಿನಲ್ಲಿ ಬಿಳಿ ಪಟ್ಟೆ' ಎಂದು ಬಿಡಿಸಿ ಬರೆದೆ. ಆಗ ಸೆರಗಿನ ಕೆಂಪು ಕುಪ್ಪಸಕ್ಕೂ ಮೊಮ್ಮಗಳ ಲಂಗಕ್ಕೂ ಹರಡಿತು. ಒಂದರ ಗುಣ ಇನ್ನೊಂದಕ್ಕೆ ಅಂಟುವ ಈ ದೋಷ ಇಬ್ಬರು ಪಾತ್ರಧಾರಿಗಳಿರುವ ಫ್ರೇಮ್‌ಗಳಲ್ಲಿ ಅತಿ ಹೆಚ್ಚು. ಅಜ್ಜಿಯನ್ನೂ ಹುಡುಗಿಯನ್ನೂ ಬೇರೆಬೇರೆಯಾಗಿ ತೆಗೆಸಿ, ಒಂದೇ ಹಿನ್ನೆಲೆಯ ಮೇಲೆ ಕೂರಿಸಿದ ನಂತರವೇ ಅಜ್ಜಿಯ ತಲೆಯಲ್ಲಿ ರಿಬ್ಬನ್ ಕಟ್ಟಿದ ಎರಡು ಜಡೆಗಳು ಮೂಡುವುದು ನಿಂತಿತು.

ಕೊನೆಗೆ ಕೆಲಸಕ್ಕೆ ಬಂದದ್ದು ಅನಿಮೇಷನ್‌ನವರ ಹಳೆಯ ಪದ್ಧತಿ. ನೂರಾರು ಕೈಗಳು ಒಂದೇ ಪಾತ್ರವನ್ನು ಬಿಡಿಸಬೇಕಾದಾಗ ಅವರು ಮಾಡೆಲ್ ಶೀಟ್ ಇಟ್ಟುಕೊಳ್ಳುತ್ತಿದ್ದರು: ಎದುರಿನಿಂದ, ಪಕ್ಕದಿಂದ, ಹಿಂದಿನಿಂದ ಪಾತ್ರ ಹೇಗೆ ಕಾಣುತ್ತದೆ, ಅದರ ಎತ್ತರ ಎಷ್ಟು ತಲೆಗಳದ್ದು ಎಂಬುದೆಲ್ಲ ಅದರಲ್ಲಿರುತ್ತಿತ್ತು. ಚಿತ್ರಕಾರ ಗೆಳೆಯರೊಬ್ಬರಿಗೆ ಸಂಭಾವನೆ ಕೊಟ್ಟು ಗಂಗವ್ವನ ಅಂಥದೇ ಹಾಳೆಯೊಂದನ್ನು ಕೈಯಿಂದ ಬರೆಸಿದೆ. ಬಂಧುಗಳಲ್ಲಿ ಯಾರಾದರೊಬ್ಬರ ಫೋಟೋ ಬಳಸಬಹುದೆಂದು ತಂಡದವರು ಸೂಚಿಸಿದ್ದರು. ಹಿರಿಯ ಜೀವವೊಂದರ ಮುಖವನ್ನು, ಅದು ಮುಂದೆ ಎಲ್ಲೆಲ್ಲಿಗೆ ಹೋಗುತ್ತದೆಂದು ಅವರಿಗೆ ತಿಳಿಸಿ ಹೇಳಲಾಗದೆ, ಯಂತ್ರಕ್ಕೆ ಒಪ್ಪಿಸಲು ನನ್ನ ಮನಸ್ಸು ಒಪ್ಪಲಿಲ್ಲ.

ಆ ಹಾಳೆಯನ್ನು ಬಳಸುವ ದಾರಿಗಳು ಎರಡು. ಆಧಾರಚಿತ್ರವಾಗಿ ನೇರವಾಗಿ ಕೊಡುವುದು ಒಂದು: 2024ರ ಮಾರ್ಚ್‌ನಲ್ಲಿ ಮಿಡ್‌ಜರ್ನಿ ತಂದ ಪಾತ್ರ-ಆಧಾರ ಸೌಲಭ್ಯದಲ್ಲಿ ಅದರ ಪ್ರಭಾವವನ್ನು 0ರಿಂದ 100ರವರೆಗೆ ಹೊಂದಿಸಬಹುದಿತ್ತು, 100 ಎಂದರೆ ಮುಖ, ಕೂದಲು, ಬಟ್ಟೆ ಎಲ್ಲವೂ, 0 ಎಂದರೆ ಮುಖ ಮಾತ್ರ. ಆ ಬಳಿಕ ಬಂದ ಸಾಧನಗಳು ಇದನ್ನು ಇನ್ನಷ್ಟು ಚೆನ್ನಾಗಿ ಮಾಡುತ್ತವೆ. ಎರಡನೆಯದು ಲೋರಾ, ಅಂದರೆ ದೊಡ್ಡ ಮಾದರಿಯನ್ನು ಹಾಗೆಯೇ ಬಿಟ್ಟು, ನಮ್ಮ ಪಾತ್ರವನ್ನಷ್ಟೇ ಕಲಿಸುವ ಪುಟ್ಟ ಕಡತವೊಂದನ್ನು ಅದರ ಜೊತೆಗೆ ತಯಾರಿಸುವುದು. 2021ರಲ್ಲಿ ಭಾಷಾ ಮಾದರಿಗಳಿಗೆಂದು ರೂಪಿಸಿದ ಈ ವಿಧಾನ ಚಿತ್ರಗಳಿಗೂ ಚೆನ್ನಾಗಿ ಒಗ್ಗಿತು. ನಾನು ಸುಮಾರು ಇಪ್ಪತ್ತು ಚಿತ್ರಗಳಿಂದ ಕಲಿಸಿದೆ. ಎಲ್ಲಕ್ಕೂ ಹಿಂದೆ ಬೂದು ಬಣ್ಣವಿದ್ದುದರಿಂದ ಯಂತ್ರವು ಆ ಬೂದು ಬಣ್ಣವೂ ಗಂಗವ್ವನ ಭಾಗವೆಂದೇ ಕಲಿತು, ಹೊಲದ ದೃಶ್ಯಕ್ಕೂ ಬೂದು ಬಳಿಯಿತು. ಬದಲಾಗಬೇಕಾದುದನ್ನು, ಅಂದರೆ ಹಿನ್ನೆಲೆ, ಬೆಳಕು, ಮುಖಭಾವಗಳನ್ನು, ಪ್ರತಿ ಚಿತ್ರದ ವಿವರಣೆಯಲ್ಲಿ ಬರೆದು, ಅವಳಲ್ಲಿ ಎಂದಿಗೂ ಬದಲಾಗಬಾರದ್ದನ್ನು ಬರೆಯದೆ ಬಿಟ್ಟು ಮತ್ತೊಮ್ಮೆ ಕಲಿಸಿದಾಗ ಸರಿಹೋಯಿತು.

ನಾನು ಮಾಡಿದ ದೊಡ್ಡ ತಪ್ಪು ಬೇರೆಯೇ ಇತ್ತು. ಐದನೆಯ ಫ್ರೇಮ್ ಚೆನ್ನಾಗಿ ಬಂತೆಂದು ಅದನ್ನು ಆರನೆಯದಕ್ಕೆ ಆಧಾರವಾಗಿ ಕೊಟ್ಟೆ, ಆರನೆಯದನ್ನು ಏಳನೆಯದಕ್ಕೆ. ಜೆರಾಕ್ಸ್ ಪ್ರತಿಯ ಜೆರಾಕ್ಸ್ ತೆಗೆಯುತ್ತ ಹೋದಂತಾಗಿ, ಪ್ರತಿ ಸಲವೂ ಒಂದಿಷ್ಟು ಸುಕ್ಕು ಅಳಿಯುತ್ತ ಹತ್ತನೆಯ ಫ್ರೇಮ್‌ನಲ್ಲಿ ಗಂಗವ್ವ ತನ್ನ ಮಗಳಂತೆ ಕಾಣುತ್ತಿದ್ದಳು. ಈಗ ಪ್ರತಿ ಫ್ರೇಮ್‌ಗೂ ಮೂಲ ಹಾಳೆಗೇ ಮರಳುತ್ತೇನೆ.

ಲಾಂಗ್ ಶಾಟ್‌ನಲ್ಲಿ ಮುಖ ಕೆಡುವುದಕ್ಕೆ ಕಾರಣ ಮತ್ತೊಂದು. ಸ್ಟೇಬಲ್ ಡಿಫ್ಯೂಷನ್ 1.5 ಮಾದರಿಯು 512 ಪಿಕ್ಸೆಲ್ ಅಗಲ, 512 ಪಿಕ್ಸೆಲ್ ಎತ್ತರದ ಚಿತ್ರವನ್ನು ಒಳಗೆ 64ಕ್ಕೆ 64 ಮನೆಗಳ ಜಾಲವಾಗಿ ಕುಗ್ಗಿಸಿಕೊಂಡು ಕೆಲಸ ಮಾಡುತ್ತದೆ. ಬಸ್ ನಿಲ್ದಾಣದ ದೃಶ್ಯದಲ್ಲಿ ಮುಖ 40 ಪಿಕ್ಸೆಲ್‌ನಷ್ಟಿದ್ದರೆ ಅದರ ಪಾಲಿಗೆ ಬರುವುದು ಐದು ಮನೆಗಳ ಅಗಲ, ಐದು ಮನೆಗಳ ಎತ್ತರ. ಅಷ್ಟರಲ್ಲಿ ಕಣ್ಣು, ಮೂಗು, ಮೂಗುಬೊಟ್ಟುಗಳಿಗೆ ಎಡೆಯಾದರೂ ಎಲ್ಲಿ? ಆ ಭಾಗವನ್ನಷ್ಟೇ ಕತ್ತರಿಸಿ, ಹಿಗ್ಗಿಸಿ, ಮತ್ತೆ ಬಿಡಿಸಿ ಕೂರಿಸಬಹುದು. ನಾನು ಅದನ್ನು ಎರಡು ಫ್ರೇಮ್‌ಗಳಿಗೆ ಮಾತ್ರ ಮಾಡಿದೆ. ಉಳಿದ ಲಾಂಗ್ ಶಾಟ್‌ಗಳಲ್ಲಿ ಮುಖದ ಗೊಡವೆ ಬಿಟ್ಟು ಅವಳ ಕುಳ್ಳು ಆಕಾರ, ತಲೆಯ ಮೇಲಿನ ಕೆಂಪು ಸೆರಗು ಮತ್ತು ಎಡಗೈಯ ಬುತ್ತಿ ಗಂಟು, ಈ ಮೂರನ್ನು ಮಾತ್ರ ಬಿಗಿಯಾಗಿ ಹಿಡಿದೆ. ಫೋಟೋದಂಥ ಚಿತ್ರಗಳನ್ನು ಬಿಟ್ಟು ಇದ್ದಿಲಿನ ಗೆರೆಗಳ ಶೈಲಿಗೆ ಬಂದದ್ದೂ ನೆರವಾಯಿತು. ಗೆರೆ ಕಡಿಮೆಯಾದಷ್ಟೂ ಒಂದಕ್ಕೊಂದು ಹೊಂದದ ವಿವರಗಳು ಕಡಿಮೆ. ಜೊತೆಗೆ ಕಲಾವಿದೆಯನ್ನು ಆರಿಸುವ ಮೊದಲೇ ನಿರ್ದೇಶಕನ ಮನಸ್ಸಿನಲ್ಲಿ ಯಂತ್ರದ ಮುಖವೊಂದು ಕೂತುಬಿಡುವ ಅಪಾಯವೂ ತಪ್ಪುತ್ತದೆ. ಈ ಎರಡನೆಯ ಕಾರಣವೇ ನನಗೆ ಹೆಚ್ಚು ಮುಖ್ಯವೆನಿಸುತ್ತದೆ.

ಕಳೆದ ವಾರ ಹೊಸ ಹಾಳೆಗಳನ್ನು ಅದೇ ಗೋಡೆಗೆ ಅಂಟಿಸಿದೆವು. ಛಾಯಾಗ್ರಾಹಕರು ಈ ಸಲ ಗಂಗವ್ವನ ಬಗ್ಗೆ ಏನನ್ನೂ ಕೇಳದೆ, ಹದಿನೇಳನೆಯ ಫ್ರೇಮ್‌ನಲ್ಲಿ ಕ್ಯಾಮೆರಾ ಬಸ್ಸಿನ ಒಳಗಿರಬೇಕೋ ಹೊರಗೋ ಎಂದು ನಿರ್ದೇಶಕನೊಡನೆ ಚರ್ಚೆಗೆ ಇಳಿದರು. 31ನೆಯದು ಮಾತ್ರ ಇನ್ನೂ ಖಾಲಿ ಇದೆ: ನಿದ್ದೆಹೋದ ಮೊಮ್ಮಗಳು, ಕಿಟಕಿಯ ಗಾಜಿನಲ್ಲಿ ಅಜ್ಜಿಯ ಪ್ರತಿಬಿಂಬ. ಗಾಜಿನಲ್ಲಿ ಕಾಣುವವಳು ಪ್ರತಿ ಸಲವೂ ಬೇರೊಬ್ಬಳಾಗುತ್ತಿರುವುದರಿಂದ ಅದೊಂದನ್ನು ಪೆನ್ಸಿಲ್‌ನಲ್ಲಿ ಬಿಡಿಸಿಕೊಡುವಂತೆ ಚಿತ್ರಕಾರ ಗೆಳೆಯರನ್ನು ಕೇಳಿಕೊಂಡಿದ್ದೇನೆ.