ಕೂರ್ಮಗಡದ ದಾರಿಯಲ್ಲಿ ಕಾರವಾರ ಸುತ್ತಾಟ

ಕಾರವಾರದ ಹತ್ತಿರದ ಕೂರ್ಮಗಡ ದ್ವೀಪಕ್ಕೆ ಹೊರಟ ನಮ್ಮ ಬೋಟ್ ಕೋಡಿಬಾಗದ ಹತ್ತಿರ ನಿಂತಿತು. ಗಾಳಿ ಜಾಸ್ತಿ ಇದೆ, ಸ್ವಲ್ಪ ಕಾಯಬೇಕು ಅಂದರು ಬೋಟಿನ ಅಣ್ಣ. ಸುಮ್ನೆ ಕೂರೋದು ಯಾಕೆ ಅಂತ ಗೆಳೆಯರೆಲ್ಲ ರಿಕ್ಷಾ ಹಿಡಿದು, ಸೇತುವೆ ದಾಟಿ ಸದಾಶಿವಗಡ ಹತ್ತಿದೆವು. ಸೋಂದೆ ಅರಸರು ಕಟ್ಟಿಸಿದ ಕೋಟೆ. ಗೋಡೆ ಹೆಚ್ಚೇನೂ ಉಳಿದಿಲ್ಲ, ಆದರೆ ಮೇಲೆ ನಿಂತರೆ ಜೋಯಿಡಾದ ಕಾಡುಗಳಿಂದ 184 ಕಿಲೋಮೀಟರ್ ಹರಿದು ಬಂದ ಕಾಳಿ ನದಿ ಸಮುದ್ರ ಸೇರುವುದು ಪೂರ್ತಿ ಕಾಣುತ್ತದೆ, ಈ ಕಡೆ ಮಬ್ಬು ಹಸಿರು ನೀರು, ಆ ಕಡೆ ನೀಲಿ, ನಡುವೆ ನೊರೆಯ ಗೆರೆ. 2024ರ ಆಗಸ್ಟ್‌ನಲ್ಲಿ ಹಳೆ ಸೇತುವೆ ಕುಸಿದಿದ್ದೂ ಇಲ್ಲೇ. ಮೇಲಿಂದ ಆ ಜಾಗ ನೋಡುವಾಗ ಎದೆ ಝಲ್ ಅಂತು.

ಆಮೇಲೆ ಟಾಗೋರ್ ಕಡಲತೀರ. ಅಣ್ಣ ಸತ್ಯೇಂದ್ರನಾಥರು ಇಲ್ಲಿ ನ್ಯಾಯಾಧೀಶರಾಗಿದ್ದಾಗ ಯುವಕ ರವೀಂದ್ರರು ಬಂದು ಉಳಿದಿದ್ದರಲ್ವಾ, ಅದಕ್ಕೇ ಆ ಹೆಸರು. ಅಲ್ಲೇ ದಡದಲ್ಲಿ ಇಟ್ಟಿರುವ ಐಎನ್ಎಸ್ ಚಪಲ್ ಯುದ್ಧನೌಕೆಯೊಳಗೆ ತಪ್ಪದೆ ಹೋಗಿ. ದಾರಿ ಎಷ್ಟು ಇಕ್ಕಟ್ಟು ಅಂದರೆ ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಒರಗಿ ನಿಲ್ಲಬೇಕು. ಇಂಥ ಜಾಗದಲ್ಲಿ ದಿನಗಟ್ಟಲೆ ಸಮುದ್ರದ ಮೇಲೆ ಇದ್ದವರ ಬಗ್ಗೆ ನಿಜವಾಗಿಯೂ ಗೌರವ ಹೆಚ್ಚಿತು.

ಊಟಕ್ಕೆ ಬಂಗಡೆ ಫ್ರೈ, ಸೋಲ್ ಕಡಿ. ಗಾಳಿ ಇಳಿದ ಮೇಲೆ ಬೋಟ್ ಮತ್ತೆ ಹೊರಟಿತು. ನೀವು ಹೋಗುವುದಾದರೆ ಮಳೆಗಾಲ ಬಿಟ್ಟು ಹೋಗಿ, ಜನವರಿಯಲ್ಲಿ ದ್ವೀಪದಲ್ಲಿ ನಡೆಯುವ ನರಸಿಂಹ ಜಾತ್ರೆ ಸಿಕ್ಕಿದರೆ ಇನ್ನೂ ಒಳ್ಳೆಯದು.