ಮೂಗು ಅಳಿಸಿದರೆ ಅಪ್ಪ ಉಳಿಯುವುದಿಲ್ಲ

"ಮೂಗು ಅಳಿಸು ಪುಟ್ಟಿ, ಅನಿಮೆಯಲ್ಲಿ ಅಷ್ಟು ದೊಡ್ಡ ಮೂಗು ಇರಲ್ಲ."

"ಅಳಿಸಿದ್ರೆ ಅದು ಅಪ್ಪ ಆಗಲ್ಲ ಸರ್."

ಬೆಂಗಳೂರಿನಲ್ಲಿ ಮಕ್ಕಳ ಚಿತ್ರಕಲೆ ತರಗತಿಯೊಂದರಲ್ಲಿ ಕಿವಿಗೆ ಬಿದ್ದ ಈ ಎರಡು ಮಾತು ವಾರವಿಡೀ ಬಿಟ್ಟು ಹೋಗುತ್ತಿಲ್ಲ. ಮೇಷ್ಟ್ರು ಒಳ್ಳೆಯವರೇ, ಕೈಯೂ ಪಳಗಿದ್ದು. ಆದರೆ ಅವರು ಅನಿಮೆಯ, ಅಂದರೆ ಜಪಾನಿನ ಕಾರ್ಟೂನು ಚಿತ್ರಗಳ, ಶೈಲಿಯ ನಿಯಮ ಎಂದುಕೊಂಡದ್ದು ನಿಜಕ್ಕೂ ಶ್ರಮದ ಉಳಿತಾಯ.

ಟೀವಿ ಅನಿಮೆಯಲ್ಲಿ ಸೆಕೆಂಡಿಗೆ 24 ಫ್ರೇಮು. ಒಂದೊಂದು ಚಿತ್ರವನ್ನು ಮೂರು ಫ್ರೇಮಿನಷ್ಟು ಹೊತ್ತು ನಿಲ್ಲಿಸಿದರೂ ಸೆಕೆಂಡಿಗೆ 8 ಚಿತ್ರ ಬಿಡಿಸಬೇಕು. ಮುಖಕ್ಕೆ ಒಂದು ಗೆರೆ ಹೆಚ್ಚಿದರೆ ಎಂಟರಲ್ಲೂ ಅದನ್ನು ಎಳೆಯಬೇಕು. ಕೂದಲೆಳೆಯಷ್ಟು ಅತ್ತಿತ್ತ ಆದರೂ ಪರದೆಯ ಮೇಲೆ ಮೂಗು ನಡುಗುತ್ತದೆ. ಅದಕ್ಕೇ ಎದುರು ಮುಖಕ್ಕೆ ಒಂದು ಚುಕ್ಕಿ, ಇಲ್ಲವೇ ಸಣ್ಣ ನೆರಳು ಇಟ್ಟು ಮುಗಿಸುತ್ತಾರೆ. ಕಾಗದದ ಮೇಲೆ ಒಂದೇ ಚಿತ್ರ ಬಿಡಿಸುತ್ತಿರುವ ಹುಡುಗಿಗೆ ಈ ತೊಂದರೆ ಎಲ್ಲಿಯದು?

ದೊಡ್ಡ ಕಣ್ಣು, ಹಳದಿ ಕೂದಲು ನೋಡಿ "ಇವರೆಲ್ಲ ಬಿಳಿಯರಲ್ಲವಾ" ಎಂದು ಕೇಳುವವರಿದ್ದಾರೆ. ಆ ಕಣ್ಣಿನಲ್ಲಿ ಜಪಾನಿನ ಹೆಸರಾಂತ ಕಾಮಿಕ್ಸ್ ಚಿತ್ರಕಾರ ತೆಜುಕಾ ಒಸಾಮು ಮೆಚ್ಚಿಕೊಂಡ ಡಿಸ್ನಿ ಕಾರ್ಟೂನುಗಳ ಪಾಲಿದೆ. ಹುಡುಗಿಯರ ಪತ್ರಿಕೆಗಳ ಚಿತ್ರಕಾರರು ಅದರೊಳಗೆ ನಕ್ಷತ್ರ ಹೊಳೆಯಿಸಿದರು. ಇನ್ನು ಕೂದಲು. ಕಾಮಿಕ್ಸ್‌ನ ಕಪ್ಪು-ಬಿಳುಪು ಪುಟದಲ್ಲಿ ಒಂದೇ ಸಮವಸ್ತ್ರದ ಮೂವರು ಗೆಳತಿಯರು ಬೇರೆಬೇರೆಯಾಗಿ ಕಾಣಬೇಕು: ಒಬ್ಬಳ ಕೂದಲಿಗೆ ಪೂರ್ತಿ ಮಸಿ, ಇನ್ನೊಬ್ಬಳಿಗೆ ಚುಕ್ಕಿ ಹಾಳೆ (ಬೂದು ಛಾಯೆಗೆಂದು ಅಂಟಿಸುವ, ಸಣ್ಣ ಚುಕ್ಕಿಗಳ ಹಾಳೆ), ಮತ್ತೊಬ್ಬಳದು ಖಾಲಿ. ಆ ಖಾಲಿ ಬಿಟ್ಟದ್ದೇ ಬಣ್ಣದ ಮುಖಪುಟದಲ್ಲಿ ಹಳದಿಯಾಗಬಹುದು. ಜಪಾನಿನ ಓದುಗರಿಗೆ ಮೂವರೂ ತಮ್ಮವರೇ. ಹೊರಗಿನವನು ಬಂದಾಗ ಪೆನ್ನು ಬದಲಾಗುತ್ತದೆ: ಹುಬ್ಬಿನಿಂದಲೇ ಇಳಿಯುವ ಉದ್ದ ಮೂಗು, ನಡುವೆ ಸೀಳಿದಂತಿರುವ ಗದ್ದ, ಅಗಲ ದವಡೆ. ಚಿತ್ರಕಾರ ಉರಾಸಾವಾ ನಾವೊಕಿ ಜರ್ಮನಿಯಲ್ಲಿ ನಡೆಯುವ 'ಮಾನ್‌ಸ್ಟರ್' ಕಾಮಿಕ್ಸ್ (1994–2001) ಬರೆದಾಗ ಒಬ್ಬೊಬ್ಬರಿಗೂ ಅವರದೇ ಮೂಗು ಕೊಟ್ಟರು. ನನಗೆ ಅವರ ಮೇಲಿರುವ ಗೌರವಕ್ಕೆ ಅದೇ ದೊಡ್ಡ ಕಾರಣ.

ಕಪ್ಪು ಚರ್ಮದವರಿಗೆ ಈ ಗೌರವ ಬಹುಕಾಲ ಸಿಗಲಿಲ್ಲ. ಅವರಿಗೆ ಸಿಕ್ಕಿದ್ದು ಹಳೆಯ ಅಮೆರಿಕನ್ ಕಾರ್ಟೂನಿನ ಉಬ್ಬು ತುಟಿ, ದುಂಡು ಕಣ್ಣು. 'ಡ್ರ್ಯಾಗನ್ ಬಾಲ್' ಕಾಮಿಕ್ಸ್‌ನ ಮಿಸ್ಟರ್ ಪೋಪೋ ಹಾಗೇ ಇದ್ದಾನೆ. ಪೋಕೆಮಾನ್‌ನ ಜಿಂಕ್ಸ್ ಎಂಬ ಪಾತ್ರದ ಕಪ್ಪು ಮುಖವನ್ನು ಟೀಕೆಯ ನಂತರ ನೇರಳೆ ಮಾಡಿದರು. ತೆಜುಕಾರ ಆಫ್ರಿಕದ ಚಿತ್ರಗಳ ಬಗ್ಗೆಯೂ 1990ರ ಹೊತ್ತಿಗೆ ಪ್ರತಿಭಟನೆ ನಡೆಯಿತು. ನಂತರದ ಮುದ್ರಣಗಳಲ್ಲಿ ಚಿತ್ರ ತಿದ್ದದೆ ವಿವರಣೆಯ ಪುಟ ಸೇರಿಸಿದರು. ಅದು ಸರಿಯಾದ ದಾರಿ ಎಂದೇ ನನ್ನ ಅನಿಸಿಕೆ. ಅಳಿಸಿಬಿಟ್ಟರೆ ಏನಾಗಿತ್ತು ಎಂಬುದೇ ಮುಂದಿನವರಿಗೆ ತಿಳಿಯುವುದಿಲ್ಲ.

2019ರ ಜನವರಿಯಲ್ಲಿ ನಿಸ್ಸಿನ್ ನೂಡಲ್ಸ್ ಜಾಹೀರಾತು ತಪ್ಪಿದ್ದು ಇನ್ನೊಂದು ದಿಕ್ಕಿನಲ್ಲಿ. ಟೆನಿಸ್ ಆಟಗಾರ್ತಿ ನವೋಮಿ ಒಸಾಕಾರ ತಂದೆ ಹೈಟಿ ಮೂಲದವರು, ತಾಯಿ ಜಪಾನಿನವರು. ಅನಿಮೆ ರೂಪದಲ್ಲಿ ಅವರ ಚರ್ಮ ಬೆಳ್ಳಗಾಗಿತ್ತು, ಮೂಗು ಕಿರಿದಾಗಿತ್ತು. ಕಂಪನಿ ಜಾಹೀರಾತು ಹಿಂತೆಗೆದು ಕ್ಷಮೆ ಕೇಳಿತು. ಮುಂದಿನ ಸಲ ನನ್ನನ್ನು ಚಿತ್ರಿಸುವಾಗ ನನ್ನೊಂದಿಗೆ ಮಾತಾಡಿ ಎಂಬರ್ಥದಲ್ಲಿ ಒಸಾಕಾ ಹೇಳಿದರು. "ಅಳಿಸಿದ್ರೆ ಅದು ಅಪ್ಪ ಆಗಲ್ಲ ಸರ್." ಆ ಚಿತ್ರ ಒಪ್ಪಿಗೆಯಾಗುವ ಮೊದಲು ಕೇಳಿಬರಬೇಕಿದ್ದ ಮಾತು ಇದೇ.

ಕಪ್ಪು ಮುಖ ಬಿಡಿಸುವುದು ಕಷ್ಟವೆಂಬ ನೆಪವೂ ಇದೆ. ಕಷ್ಟ ಸುಳ್ಳಲ್ಲ. ಬಿ4 ಅಳತೆಯ ದೊಡ್ಡ ಕಾಗದದಲ್ಲಿ ಸುತ್ತ ಅಂಚು ಬಿಟ್ಟು ಬಿಡಿಸಿದ ಮೂಲಚಿತ್ರ ಚಿಕ್ಕ ಬಿ5 ಅಳತೆಯ ಪತ್ರಿಕೆಗೆ ಹೋಗುವಾಗ ಸುಮಾರು 83 ಪ್ರತಿಶತಕ್ಕೆ ಕುಗ್ಗುತ್ತದೆ. ಚುಕ್ಕಿಗಳು ಒತ್ತೊತ್ತಾಗುತ್ತವೆ, ಒರಟು ಕಾಗದದಲ್ಲಿ ಮಸಿ ಹರಡುತ್ತದೆ, ಮುಖದಲ್ಲಿ ಕಣ್ಣು-ಹಲ್ಲು ಬಿಟ್ಟು ಮಿಕ್ಕದ್ದೆಲ್ಲ ಮುಳುಗುತ್ತದೆ. 30 ಪ್ರತಿಶತ ಕಪ್ಪಿನ ಚುಕ್ಕಿ ಹಾಳೆ ಬೇಕೆನಿಸಿದಲ್ಲಿ 20ರದ್ದು ಅಂಟಿಸಿ. ಮೂಗಿನ ಹೊಳ್ಳೆಯ ಗೆರೆ ತುಸು ದಪ್ಪಗಿರಲಿ. ಮೂಗಿನ ದಿಂಡು, ಕೆನ್ನೆಯ ಮೂಳೆಯ ಮೇಲೆ ಕಟ್ಟರ್ ತುದಿಯಿಂದ ಚುಕ್ಕಿಗಳನ್ನು ಹಗುರಾಗಿ ಕೆರೆದರೆ ಬೆಳಕು ಬರುತ್ತದೆ. ತುಟಿಯ ಸುತ್ತ ಪೂರ್ತಿ ಗೆರೆ ಎಳೆಯಬೇಡಿ, ಕೆಳತುಟಿಯಡಿ ನೆರಳು ಸಾಕು. ಬಣ್ಣದಲ್ಲಾದರೆ ನೆರಳಿಗೆಂದು ಕಂದು ಬಣ್ಣಕ್ಕೆ ಕಪ್ಪು ಬೆರೆಸಿದೊಡನೆ ಮುಖ ಬೂದಿ ಬಡಿದಂತಾಗುತ್ತದೆ. ಅದೇ ಕಂದು ಬಣ್ಣವನ್ನು ಕೆಂಪಿನ ಕಡೆಗೆ ಸರಿಸಿ ಗಾಢ ಮಾಡಿ. ಅಂಗೈ ಮಾತ್ರ ತಿಳಿಯಾಗಿರಲಿ.